ಗ್ರೈಂಡರ್ ಮುಟ್ಟದೆ ಕಾರಿನ ತುಕ್ಕು ತೆಗೆದದ್ದು: ನನ್ನ ಅನುಭವ

"ಗ್ರೈಂಡರ್ ಇಲ್ಲದೆ ಆಗುವ ಕೆಲಸವಾ ಮಾರಾಯ್ರೆ?" ಅಂದಿದ್ದರು ಟಿಂಕರಿಂಗ್‌ನವರು. ಗ್ರೈಂಡರ್ ಅಂದರೆ ಡಿಸ್ಕ್ ತಿರುಗಿಸಿ ತಗಡು ಉಜ್ಜುವ, ಕತ್ತರಿಸುವ ಕೈಮೆಷಿನ್; ಅದರ ಸದ್ದು ಬೇಡವೆಂದೇ ನಾನು ಬಿಟ್ಟದ್ದು. ಕೆಲಸ ಮುಗಿದು ಎರಡು ಮಳೆಗಾಲ ಆಯಿತು, ಅದೂ ಮಂಗಳೂರಿನ ಮಳೆ, ಉಪ್ಪುಗಾಳಿ. 2005ರ ಪುಟ್ಟ ಕಾರಿನ ನಾಲ್ಕು ಬಾಗಿಲ ತಳ, ಹಿಂದಿನ ಎರಡು ವೀಲ್ ಆರ್ಚ್ (ಚಕ್ರದ ಮೇಲಿನ ಕಮಾನು), ಬ್ಯಾಟರಿ ಟ್ರೇ ಎಲ್ಲ ಅಪಾರ್ಟ್‌ಮೆಂಟ್‌ನ ಪಾರ್ಕಿಂಗ್‌ನಲ್ಲೇ ಆದದ್ದು. ಮೇಲಿನ ಮನೆಗಳಿಂದ ಒಂದು ದೂರೂ ಬರಲಿಲ್ಲ.

ಸದ್ದು ಮಾಡುವುದು ಮೆಷಿನ್‌ಗಿಂತ ಹೆಚ್ಚಾಗಿ ತಗಡು. ಇದು ತಲೆಗೆ ಹೋಗುವ ಮೊದಲೇ ಸುಮಾರು 2,600 ರೂಪಾಯಿ ಹಾಳಾಗಿತ್ತು. ಗ್ರೈಂಡರ್‌ಗೆ ಬದಲಾಗಿ ಆಸಿಲೇಟಿಂಗ್ ಮಲ್ಟಿಟೂಲ್ (ಬ್ಲೇಡನ್ನು ಅತ್ತಿತ್ತ ಅಲುಗಿಸಿ ಕತ್ತರಿಸುವ ಮೆಷಿನ್) ತಂದೆ. ಮರಕ್ಕೆ ಒಳ್ಳೆಯ ಸಾಧನ. ಮುಕ್ಕಾಲು ಮಿಲಿಮೀಟರ್ ತಗಡಿಗೆ ಹಿಡಿದರೆ ಇಡೀ ಬಾಗಿಲು ತಮಟೆ. ತಗಡನ್ನು ಚೂರುಚೂರಾಗಿ ಕಚ್ಚಿ ಕತ್ತರಿಸುವ, ಡ್ರಿಲ್‌ಗೆ ಸಿಕ್ಕಿಸುವ ನಿಬ್ಲರ್ ಕೂಡ ಅದೇ ಜಾತಿ.

ಈಗ ಮೊದಲ ಕೆಲಸ ತಗಡಿನ ಬಾಯಿ ಮುಚ್ಚಿಸುವುದು. ಬಾಗಿಲ ಒಳಗಡೆ 2 ಮಿ.ಮೀ. ಬ್ಯುಟೈಲ್ ಶೀಟ್ (ಅಂಟುವ ರಬ್ಬರ್ ಹಾಳೆ) ಒತ್ತಿ ಅಂಟಿಸಿ. ಕೈ ಹೋಗದ ಕಡೆ ಹೊರಗಿನಿಂದಲೇ ಮರಳಿನ ಚೀಲವನ್ನು ಹಳೆಯ ಸ್ಪೀಕರ್ ಮ್ಯಾಗ್ನೆಟ್‌ನಿಂದ ಕಚ್ಚಿಸಿ. ಬೆರಳ ಗೆಣ್ಣಿನಿಂದ ಕುಟ್ಟಿದಾಗ 'ಠಣ್' ಹೋಗಿ 'ದಬ್' ಅನ್ನಬೇಕು. ಫೋನಿನ ಆ್ಯಪ್‌ನಲ್ಲಿ ಒಂದು ಮೀಟರ್ ದೂರಕ್ಕೆ ಗ್ರೈಂಡರ್ 95 ಡೆಸಿಬಲ್ ಆಸುಪಾಸು, ಡ್ರಿಲ್‌ಗೆ ಕಪ್ ಬ್ರಷ್ (ಬಟ್ಟಲಿನಾಕಾರದ ತಂತಿ ಬ್ರಷ್) ಹಾಕಿದರೆ 84, ಚೀಲ ಕಚ್ಚಿಸಿದ ಮೇಲೆ 73–74. ಫೋನಿನ ಲೆಕ್ಕ, ನೆನಪಿನಿಂದ ಹೇಳುತ್ತಿದ್ದೇನೆ. ಇಳಿದದ್ದಂತೂ ಕಿವಿಗೇ ಗೊತ್ತಾಗುತ್ತದೆ. ಕಾನೂನಿನ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ನನ್ನ ಅಳತೆ ಒಂದು ಮೀಟರ್ ದೂರದ್ದು, ದೂರ ಹೋದಂತೆ ಸದ್ದು ಇಳಿಯುತ್ತದೆ. ಆದರೂ ಡ್ರಿಲ್ ಹಗಲಿಗೆ ಮಾತ್ರ, ರಾತ್ರಿಗೆ ಕೈಕೆಲಸ.

ಕೈಕೆಲಸಕ್ಕೆ ಕಾರ್ಬೈಡ್ ಅಂಚಿನ ಸ್ಕ್ರೇಪರ್‌ಗೆ ಸಮಾನ ಇನ್ನೊಂದಿಲ್ಲ. ದೂಡಬೇಡಿ, ಎಳೆಯಿರಿ. ತೂತಾದ ಭಾಗ ಕತ್ತರಿಸಲು ಏವಿಯೇಶನ್ ಸ್ನಿಪ್ (ತಗಡಿನ ಕತ್ತರಿ), ಎಡ ತಿರುವಿಗೆ ಕೆಂಪು ಹಿಡಿ, ಬಲಕ್ಕೆ ಹಸಿರು. ಅದು ಹೋಗದ ಕಡೆ ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡ್, ಒಂದು ತುದಿಗೆ ಬಟ್ಟೆ ಸುತ್ತಿ. 24 ಹಲ್ಲಿನದ್ದು ಇಷ್ಟು ತೆಳು ತಗಡಿನಲ್ಲಿ ಸಿಕ್ಕಿಕೊಂಡು ಹಲ್ಲು ಉದುರಿಸುತ್ತದೆ. 32 ಕೂಡ ನೇರ ಹಿಡಿದರೆ ಕಚ್ಚುತ್ತದೆ. ಆದಷ್ಟು ಮಲಗಿಸಿ ಎಳೆದರೆ ಒಟ್ಟಿಗೆ ಮೂರ್ನಾಲ್ಕು ಹಲ್ಲು ತಗಡಿನ ಮೇಲೆ ಇರುತ್ತವೆ, ಸದ್ದೂ ಕಡಿಮೆ.

ಆಸಿಡ್ ವಿಷಯದಲ್ಲಿ ದೊಡ್ಡ ಪೆಟ್ಟು ತಿಂದೆ. ಲೀಟರ್ ನೀರಿಗೆ ನೂರು ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಅದರಲ್ಲಿ ನೆನೆಸಿದ ಬಟ್ಟೆ, ಮೇಲೆ ಪ್ಲಾಸ್ಟಿಕ್, ನಾಲ್ಕೈದು ಗಂಟೆ. ಬಯಲು ತಗಡಿಗೆ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಬಾಗಿಲ ತಳದ ಮಡಿಕೆಗೂ (ಒಳ-ಹೊರ ತಗಡು ಮಡಚಿ ಸೇರುವ ಅಂಚು) ಅದನ್ನೇ ಮಾಡಿದೆ. ಮಡಿಕೆಯೊಳಗೆ ಹೊಕ್ಕ ಹುಳಿಯನ್ನು ತೊಳೆದು ತೆಗೆಯುವುದು ಸಾಧ್ಯವೇ ಇಲ್ಲ. ಮೂರನೇ ವಾರಕ್ಕೆ ಬಣ್ಣದಡಿ ಗುಳ್ಳೆ. ಮಡಿಕೆಗೆ ನೀರು, ಹುಳಿ ಎರಡೂ ಬೇಡ: ಕೆರೆಯಿರಿ, ಹೀಟ್ ಗನ್‌ನಲ್ಲಿ ಒಣಗಿಸಿ, ತೆಳು ಎಪಾಕ್ಸಿ ಪ್ರೈಮರ್ (ಎರಡು ದ್ರವ ಬೆರೆಸಿ ಹಚ್ಚುವ ತಳಬಣ್ಣ) ಇಂಗಿಸಿ.

ಬಿಚ್ಚಬಹುದಾದ ಭಾಗಗಳಿಗೆ ಬಕೆಟ್ ನೀರು, ವಾಷಿಂಗ್ ಸೋಡ, ಹಳೆಯ ಬ್ಯಾಟರಿ ಚಾರ್ಜರ್, ಅಂದರೆ ವಿದ್ಯುತ್ ಹರಿಸಿ ತುಕ್ಕು ಬಿಡಿಸುವ ವಿಧಾನ. ನೆಗೆಟಿವ್ ತುಕ್ಕಿನ ಭಾಗಕ್ಕೆ, ಪಾಸಿಟಿವ್ ಹಾಳು ಕಬ್ಬಿಣದ ಸರಳಿಗೆ. ಸ್ಟೀಲ್ ಚಮಚ, ತಟ್ಟೆ ಹಾಕಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಹೈಡ್ರೋಜನ್ ಏಳುವುದರಿಂದ ಬಕೆಟ್ ತೆರೆದ ಜಾಗದಲ್ಲಿರಲಿ. ಬ್ಯಾಟರಿ ಟ್ರೇ ಒಂದೇ ರಾತ್ರಿಯಲ್ಲಿ ಬೂದಿಬಣ್ಣಕ್ಕೆ ಬಂತು, ಸದ್ದು ಸೊನ್ನೆ. ಕುತೂಹಲಕ್ಕೆ ಮೂರು ಬ್ರ್ಯಾಕೆಟ್‌ಗಳನ್ನು ಬೇರೆ ಬೇರೆ ಮುಳುಗಿಸಿದೆ. ಕಾಕಂಬಿ ಒಂದು ಪಾಲು, ನೀರು ಎಂಟು ಪಾಲು: ಹನ್ನೆರಡು ದಿನ, ಕೆಲಸ ಅಚ್ಚುಕಟ್ಟು, ಆದರೆ ಕೊನೆಕೊನೆಗೆ ನೆರೆಯವರಿಗೆ ಸದ್ದಿಗಿಂತ ವಾಸನೆಯೇ ತೊಂದರೆ. ಪುನರ್ಪುಳಿ (ಕೋಕಂ) ಸಿಪ್ಪೆ ಕುದಿಸಿದ ನೀರು ಮೇಲ್ಮೈ ಮಾತ್ರ ತೆಗೆಯಿತು. ನಿಂಬೆ ಉಪ್ಪು ಒಂದು ದಿನ.

ತೊಳೆದದ್ದನ್ನು ಅಡುಗೆ ಸೋಡದ ನೀರಿನಲ್ಲಿ ಒರೆಸಿ ತಕ್ಷಣ ಒಣಗಿಸಬೇಕು. ನಮ್ಮಲ್ಲಿ ಕಾಲು ಗಂಟೆಗೇ ಕೇಸರಿ ಬಣ್ಣದ ತುಕ್ಕಿನ ಪುಡಿ ಏಳುತ್ತದೆ. ಅದಕ್ಕೇ ಡಿಸೆಂಬರ್‌ನಿಂದ ಫೆಬ್ರವರಿ ಬಿಟ್ಟು ಈ ಕೆಲಸಕ್ಕೆ ಇಳಿಯಲೇಬಾರದು. ರಸ್ಟ್ ಕನ್ವರ್ಟರ್ (ತುಕ್ಕನ್ನೇ ಗಟ್ಟಿ ಪದರವಾಗಿಸುವ ದ್ರವ) ಹಚ್ಚಿದ ಮೇಲೆ ಜಿಂಕ್ ಪ್ರೈಮರ್ ದುಡ್ಡು ದಂಡ. ಜಿಂಕ್‌ಗೆ ಬರಿಯ ಲೋಹ ತಾಗಬೇಕು. ಪುಟ್ಟಿ ನೀರು ಹೀರುವ ವಸ್ತು, ಎಪಾಕ್ಸಿ ಪ್ರೈಮರ್‌ನ ಮೇಲೆಯೇ ಹಾಕಿ. ಸ್ಪ್ರೇ ಬೇಕೆಂದು ಕಂಪ್ರೆಸರ್ ತರಬೇಡಿ, ಸ್ಲ್ಯಾಬ್ ಹಿಡಿದು ಮೂರನೇ ಮಹಡಿಗೆ ನಡುಕ ಹೋಗುತ್ತದೆ. ಎರಡಿಂಚಿನ ಬ್ರಷ್, ಆಮೇಲೆ 400 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಕಾಗದ) ಸಾಕು.

ವೆಲ್ಡಿಂಗ್ ಮಾತ್ರ ಹೊರಗೆ. ಪೆಟ್ರೋಲ್ ವಾಹನಗಳ ನಡುವೆ ಕಿಡಿ ಹಾರಿಸುವುದು ಹುಚ್ಚುತನ. ರನ್ನಿಂಗ್ ಬೋರ್ಡ್ (ಬಾಗಿಲುಗಳ ಕೆಳಗಿನ ಪೆಟ್ಟಿಗೆಯಂಥ ಉದ್ದ ಭಾಗ) ತೂತಾಗಿದ್ದರೆ ಅಂಟು, ಪುಟ್ಟಿಯಲ್ಲಿ ಮುಚ್ಚಬೇಡಿ, ಕಾರಿನ ಬಲ ಇರುವುದೇ ಅಲ್ಲಿ. ನಾನು 22 ಗೇಜ್ (ಸುಮಾರು ಮುಕ್ಕಾಲು ಮಿ.ಮೀ. ದಪ್ಪ) ಶೀಟಿನ ತೇಪೆಗಳನ್ನು ಮನೆಯಲ್ಲೇ ರಟ್ಟಿನ ಅಚ್ಚಿಟ್ಟು ಕತ್ತರಿಸಿ, ಬಗ್ಗಿಸಿ ಒಯ್ದೆ. ವೆಲ್ಡಿಂಗ್‌ಗೆ 1,800 ಆಯಿತು. ಟಿಂಕರಿಂಗ್‌ನವರು ಮೊದಲು ಕೇಳಿದ್ದು ಒಟ್ಟು 22 ಸಾವಿರ. ನನ್ನ ಖರ್ಚು, ಹಾಳು ಮಾಡಿದ್ದೂ ಸೇರಿ, ಹತ್ತು ಸಾವಿರದ ಒಳಗೆ.

ಕೊನೆಗೆ ತಳದ ನೀರು ಹೋಗುವ ತೂತುಗಳನ್ನು ಸೈಕಲ್ ಸ್ಪೋಕ್‌ನಿಂದ ಬಿಡಿಸಿ ಒಳಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯಲು ಟೊಳ್ಳಿಗೆ ಸಿಂಪಡಿಸುವ ಮೇಣ). ಸ್ಪ್ರೇ ಕೊಳವೆಯ ತುದಿಗೆ ನಾನು ಮಾಡಿಕೊಂಡ ಬದಲಾವಣೆಯಿಂದ ಅದು ಮಡಿಕೆಯ ಕೊನೆತನಕ ಹೋಗುತ್ತದೆ; ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಈಗ ಗುಳ್ಳೆ ಇರುವುದು ಒಂದೇ ಕಡೆ, ಹುಳಿ ಹೊಕ್ಕಿದ್ದ ಎಡ ಹಿಂಬಾಗಿಲ ಮಡಿಕೆಯಲ್ಲಿ, ಸುಮಾರು ನಾಲ್ಕು ಇಂಚು. ಡಿಸೆಂಬರ್‌ನಲ್ಲಿ ಮತ್ತೆ ಬಿಚ್ಚಬೇಕು.