ಮಗನ ಸಾಲದ ಫೋನ್ ನಿಮಗೆ ಬಂದರೆ

ರಾತ್ರಿ ಒಂಬತ್ತು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. 'ನಿಮ್ಮ ಮಗ ಇಎಂಐ ಕಟ್ಟಿಲ್ಲ. ನೀವಾದರೂ ಕಟ್ಟಿ, ಇಲ್ಲದಿದ್ದರೆ ನಾಳೆ ಮನೆ ಮುಂದೆ ಜನ ಬರ್ತಾರೆ.' ಮಗನಿಗೆ ಆಗ 23. ಬೆಂಗಳೂರಿನ ಪಿಜಿಯಲ್ಲಿದ್ದ. ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು, ನಮಗೆ ಹೇಳಿರಲಿಲ್ಲ. ನಾನು ಹೆದರಿ ಆ ರಾತ್ರಿಯೇ 18,000 ರೂಪಾಯಿ ಕಳಿಸಿದೆ. ಅದೆಲ್ಲ ಬಡ್ಡಿಗೂ ದಂಡಕ್ಕೂ ಹೋಯಿತು, ಅಸಲು ಹಾಗೇ ಉಳಿಯಿತು. ವಾರದೊಳಗೆ ಸಾಲ ಕೊಡುವ ಇನ್ನೊಂದು ಆಪ್‌ನವರ ಫೋನ್. ಆಮೇಲೆ ಒಂದೊಂದಾಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ದುಡ್ಡು ಕಳಿಸಬೇಡಿ, 'ಕಟ್ಟುತ್ತೇನೆ' ಅನ್ನಲೂ ಬೇಡಿ

18 ತುಂಬಿದ ಮೇಲೆ ಮಕ್ಕಳು ಮಾಡಿಕೊಂಡ ಒಪ್ಪಂದ ಅವರದೇ. ಅಪ್ಪ ಅಮ್ಮ ಅನ್ನುವ ಕಾರಣಕ್ಕೆ ಆ ಸಾಲ ನಿಮ್ಮ ತಲೆಗೆ ಬರುವುದಿಲ್ಲ. ಆದರೆ ನೀವು ಜಾಮೀನು ಹಾಕಿದ್ದರೆ, ಜೊತೆ ಸಾಲಗಾರರಾಗಿ ಸಹಿ ಮಾಡಿದ್ದರೆ ಮಾತೇ ಬೇರೆ. ಆಗ ಬ್ಯಾಂಕು ಪೂರ್ತಿ ಹಣವನ್ನು ನೇರವಾಗಿ ನಿಮ್ಮನ್ನೇ ಕೇಳಬಹುದು. ಹಾಗಾಗಿ ನಿಮ್ಮನ್ನು ನೀವು ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: 'ಇದಕ್ಕೆ ನಾನು ಎಲ್ಲಾದರೂ ಸಹಿ ಹಾಕಿದ್ದೇನಾ?'

ಇಲ್ಲ ಅಂತಾದರೆ ಫೋನಿನಲ್ಲಿ ಒಂದೇ ಮಾತು ಸಾಕು. 'ವಿವರ ಏನಿದ್ದರೂ ಬರಹದಲ್ಲಿ ಅವನಿಗೇ ಕಳಿಸಿ.' ಆಮೇಲೆ ಫೋನ್ ಇಟ್ಟುಬಿಡಿ. ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಮನೆಯವರನ್ನು, ಸ್ನೇಹಿತರನ್ನು ಕಾಡುವಂತೆಯೂ ಇಲ್ಲ. ನನಗೆ ಒಂಬತ್ತು ಗಂಟೆಗೆ ಬಂದ ಫೋನೇ ನಿಯಮ ಮೀರಿದ್ದು. ಆವತ್ತು ಗೊತ್ತಿದ್ದಿದ್ದರೆ ಸಮಯ, ನಂಬರು ಬರೆದಿಟ್ಟುಕೊಳ್ಳುತ್ತಿದ್ದೆ.

ಲೆಕ್ಕಕ್ಕೆ ಮುಂಚೆ ಮಗುವನ್ನು ನೋಡಿ

ಹೋಗಿ ಕಣ್ಣಾರೆ ನೋಡಿ, ಇಲ್ಲವೇ ಮನೆಗೆ ಕರೆಸಿಕೊಳ್ಳಿ. ಊಟ, ನಿದ್ದೆ ಹೇಗಿದೆ? ಮಾತು ಕಡಿಮೆಯಾಗಿದೆಯಾ? 'ನಾನಿಲ್ಲದಿದ್ದರೆ ಎಲ್ಲ ಸರಿಹೋಗುತ್ತೆ' ಅನ್ನುವಂಥ ಮಾತು ಬಂದರೆ ಸಾಲದ ಕಾಗದ ಪಕ್ಕಕ್ಕಿಡಿ. ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ಆಪ್‌ಗಳ ಕಾಟಕ್ಕೆ ಜೀವ ಕಳೆದುಕೊಂಡ ಹುಡುಗ ಹುಡುಗಿಯರ ಸುದ್ದಿ ನಾವೆಲ್ಲ ಓದಿದ್ದೇವೆ, ಅಲ್ವಾ? ಮೊದಲ ದಿನ 'ಯಾಕೆ ಹೀಗೆ ಮಾಡಿದೆ' ಅಂತ ಕೇಳಬೇಡಿ. 'ಯಾರು ಫೋನ್ ಮಾಡ್ತಾರೆ, ಏನಂತಾರೆ' ಅಂತ ಕೇಳಿ.

ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿದ್ದರೆ ಡಾಕ್ಟರ ಪತ್ರ ತೆಗೆದಿಡಿ. ಸಹಿ ಹಾಕಿದ ಹೊತ್ತಿನಲ್ಲಿ ವಿಷಯ ಅರ್ಥಮಾಡಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ ಎಂದು ತೋರಿಸಿದರೆ 1872ರ ಒಪ್ಪಂದ ಕಾಯ್ದೆಯ 12ನೇ ಕಲಂ ನೆರವಿಗೆ ಬರುತ್ತದೆ. ಅದನ್ನು ಸಾಬೀತು ಮಾಡುವುದು ಸುಲಭವಲ್ಲ, ವಕೀಲರು ಬೇಕು.

ಎಲ್ಲವನ್ನೂ ಒಂದು ನೋಟ್‌ಬುಕ್ಕಿಗೆ ತನ್ನಿ

ನನ್ನ ಮಗ ಹೇಳಿದ್ದು ಮೂರು ಸಾಲ. ಅವನ ಹೆಸರಿನ ಸಾಲಗಳನ್ನೆಲ್ಲ ತೋರಿಸುವ ಕ್ರೆಡಿಟ್ ರಿಪೋರ್ಟಿನಲ್ಲಿ ಇದ್ದದ್ದು ಐದು. ರಿಪೋರ್ಟಿಗೆ ಸಿಗದ ಒಂದು ಆಪ್ ಸಾಲ, ಸ್ನೇಹಿತನ ಕೈಸಾಲ ಸೇರಿ ಒಟ್ಟು ಏಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಹೇಳಲು ಬಾಯಿ ಬಂದಿರಲಿಲ್ಲ.

ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಈ ನಾಲ್ಕು ಕಂಪನಿಗಳು ಸಾಲದ ದಾಖಲೆ ಇಡುತ್ತವೆ, ನಾಲ್ಕೂ ಕಡೆ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ಓಟಿಪಿ ಅವನ ಫೋನಿಗೇ ಬರುತ್ತದೆ, ಅವನೇ ತೆಗೆಯಲಿ. ನೀವು ಪಕ್ಕದಲ್ಲಿ ಕೂತಿರಿ. ಫೋನ್ ಕಿತ್ತುಕೊಂಡು ನೀವೇ ಮಾಡಿದರೆ ಮುಂದಿನ ಸಾಲ ಇನ್ನೂ ಆಳದಲ್ಲಿ ಅಡಗುತ್ತದೆ.

ಜೊತೆಗೆ ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಆಟೋಪೇ ಪಟ್ಟಿ, ಹಳೆಯ ಎಸ್ಸೆಮ್ಮೆಸ್ಸು ನೋಡಿ. ಪ್ರತಿ ಸಾಲಕ್ಕೂ ಒಂದು ಪುಟ: ಯಾರು ಕೊಟ್ಟರು, ಕೈಗೆ ಬಂದದ್ದೆಷ್ಟು, ಈಗ ಕೇಳುತ್ತಿರುವುದೆಷ್ಟು, ಚೆಕ್ ಕೊಟ್ಟಿದ್ದಾನಾ. ತೆಗೆದುಕೊಳ್ಳದ ಸಾಲ ರಿಪೋರ್ಟಿನಲ್ಲಿ ಕಂಡರೆ ಅಲ್ಲೇ ತಕರಾರು ಹಾಕಿ. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳಬಹುದು.

ಯಾವುದು ಮೊದಲು?

ಜಾಸ್ತಿ ಕೂಗಾಡುವವರಿಗೆ ಮೊದಲು ಕಟ್ಟಬೇಕು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಅದು ತಪ್ಪು.

ಚೆಕ್ ಕೊಟ್ಟ ಸಾಲ ಮೊದಲು. ಚೆಕ್ ಬೌನ್ಸ್ ಆಗಿ ನೋಟಿಸ್ ಬಂದರೆ 15 ದಿನದೊಳಗೆ ಆ ಹಣ ಕಟ್ಟಬೇಕು, ಇಲ್ಲದಿದ್ದರೆ ಕ್ರಿಮಿನಲ್ ಕೇಸು ಹಾಕಬಹುದು. ಖಾತೆಯಿಂದ ತಾನಾಗಿ ಕಡಿತವಾಗುವ ಇಎಂಐ ಬೌನ್ಸ್ ಆದರೂ ಅಂಥದೇ ಕಾನೂನಿದೆ. ಬರೀ ಬಾಕಿ ಉಳಿದದ್ದು ಸಿವಿಲ್ ವ್ಯವಹಾರ. 'ನಾಳೆ ಅರೆಸ್ಟ್' ಅನ್ನುವ ಮೆಸೇಜಿಗೆ ಹೆದರಬೇಡಿ, ಕೋರ್ಟಿನಿಂದಲೋ ವಕೀಲರಿಂದಲೋ ಬಂದ ಕಾಗದವನ್ನು ಮಾತ್ರ ಬಿಸಾಡಬೇಡಿ.

ಆಮೇಲೆ ಕ್ರೆಡಿಟ್ ಕಾರ್ಡ್. 60,000 ಬಾಕಿ, ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಅಂತಿಟ್ಟುಕೊಳ್ಳಿ. ಬಡ್ಡಿ 2,100. ಅದರ ಮೇಲೆ ಜಿಎಸ್‌ಟಿ 378. 'ಮಿನಿಮಮ್ ಡ್ಯೂ', ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಅಂತ 3,000 ಕಟ್ಟಿದರೆ ಸಾಲ ಇಳಿಯುವುದು 522 ರೂಪಾಯಿ ಮಾತ್ರ. ನನ್ನ ಮಗ ಹನ್ನೊಂದು ತಿಂಗಳು ಹೀಗೇ ಕಟ್ಟಿದ್ದ. ಬಾಕಿಯನ್ನು ಕಡಿಮೆ ಬಡ್ಡಿಯ ಇಎಂಐ ಆಗಿ ಬದಲಾಯಿಸಿ ಎಂದು ಬ್ಯಾಂಕಿಗೆ ಬರೆಯಿರಿ, ಕಾರ್ಡಿನ ಬಳಕೆ ನಿಲ್ಲಿಸಿ.

ಆಪ್ ಸಾಲವಾದರೆ, ಆ ಆಪ್ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನ ಪಟ್ಟಿಯಲ್ಲಿ ಇದೆಯಾ ನೋಡಿ. ನಿಯಮದಂತೆ ನಡೆಯುವ ಆಪ್ ಫೋನಿನ ಕಾಂಟ್ಯಾಕ್ಟ್, ಫೋಟೋ ಮುಟ್ಟುವಂತಿಲ್ಲ. ಫೋಟೋ ತಿರುಚಿ ಎಲ್ಲರಿಗೂ ಕಳಿಸುತ್ತೇವೆ ಅಂದರೆ ಅದು ಸೈಬರ್ ಅಪರಾಧ. ಏನನ್ನೂ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನೋಂದಣಿ ಇಲ್ಲದೆ ಸಾಲ ಕೊಟ್ಟು ಪೀಡಿಸುವವರ ಮೇಲೆ ಕರ್ನಾಟಕದಲ್ಲಿ 2025ರಿಂದ ಕಿರುಸಾಲದ ಹೊಸ ಕಾನೂನೂ ಇದೆ. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

'ಸೆಟಲ್‌ಮೆಂಟ್ ಮಾಡಿಕೊಳ್ಳಿ, ಅರ್ಧ ಕಟ್ಟಿ' ಅಂತ ಏಜೆಂಟ್ ಹೇಳಿದರೆ ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿಯೂ ಬೇಡ. ಹಣ ಸಾಲದ ಖಾತೆಗೇ ಹೋಗಬೇಕು, ಏಜೆಂಟನ ಯುಪಿಐಗಲ್ಲ. ಹೀಗೆ ಮುಗಿಸಿದ ಸಾಲ ರಿಪೋರ್ಟಿನಲ್ಲಿ 'ಕ್ಲೋಸ್ಡ್' ಅಲ್ಲ, 'ಸೆಟಲ್ಡ್' ಅಂತ ಕಾಣುತ್ತದೆ. ಮುಂದೆ ಗೃಹಸಾಲ ಕೇಳುವಾಗ ಅದು ಕಾಡುತ್ತದೆ. ಪೂರ್ತಿ ತೀರಿಸಿದ್ದಕ್ಕೆ ಬಾಕಿ ಇಲ್ಲ ಎಂಬ ಪತ್ರ ತೆಗೆದುಕೊಳ್ಳಿ.

ಸಹಿ ಹಾಕಿದ ಕಾಗದಗಳು

ಕೋರ್ಸಿನ ಫೀಸು ಕಂತಿನಲ್ಲಿ ಅಂತ ಟ್ಯಾಬ್ ಮೇಲೆ ಬೆರಳಲ್ಲಿ ಸಹಿ ಮಾಡಿಸಿಕೊಳ್ಳುತ್ತಾರೆ. ಎಷ್ಟೋ ಸಲ ಅದು ಫೀಸಿನ ಕಂತಲ್ಲ, ಬೇರೊಂದು ಫೈನಾನ್ಸ್ ಕಂಪನಿಯ ಸಾಲ. ಕೋರ್ಸು ಬಿಟ್ಟರೂ ಸಾಲ ನಿಲ್ಲುವುದಿಲ್ಲ. ಬಿಡುವುದಾದರೆ ಸಂಸ್ಥೆಗೂ ಫೈನಾನ್ಸ್ ಕಂಪನಿಗೂ ಒಂದೇ ದಿನ ಇಮೇಲ್ ಹೋಗಲಿ. ಡಿಜಿಟಲ್ ಸಾಲಕ್ಕೆ ಕನಿಷ್ಠ ಒಂದು ದಿನವಾದರೂ ದಂಡವಿಲ್ಲದೆ ವಾಪಸ್ ಕೊಡುವ ಅವಕಾಶ ಇರಲೇಬೇಕು. ಫೀಸು ವಾಪಸ್ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915.

ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಅಂತ ಬರೆದುಕೊಡುವ ಕಂಪನಿ ಬಾಂಡ್ ಬಗ್ಗೆ 'ಸುಮ್ನೆ ಕಾಗದ, ಬಿಟ್ಟು ಬಾ' ಅನ್ನುವವರ ಮಾತು ಕೇಳಬೇಡಿ. ಮೂರು ವರ್ಷ ತುಂಬುವ ಮುಂಚೆ ಬಿಟ್ಟರೆ 2 ಲಕ್ಷ ಕೊಡಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಹಾಗಂತ ಬರೆದ ಮೊತ್ತವೆಲ್ಲ ದಕ್ಕುತ್ತದೆ ಅಂತಲೂ ಅಲ್ಲ. ನ್ಯಾಯವಾದ ಪರಿಹಾರ ಎಷ್ಟೋ ಅಷ್ಟೇ. ಬಿಡುವ ಮುಂಚೆ ಬಾಂಡ್ ಓದಿಸಿ. ಕಾನೂನು ಸೇವಾ ಪ್ರಾಧಿಕಾರದ ನಂಬರು 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ.

ಬ್ಯಾಂಕು, ಫೈನಾನ್ಸ್ ಕಂಪನಿ ದೂರಿಗೆ 30 ದಿನ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನಿನಲ್ಲಿ ದೂರು ಕೊಡಿ, ಖರ್ಚಿಲ್ಲ. ಮಾಹಿತಿಗೆ 14448.

ಕೊನೆಗೂ ದುಡ್ಡು ಕೊಡುವುದಾದರೆ

ಕೊಡಬಹುದು. ನಾವೂ ಕೊಟ್ಟೆವು. ಆದರೆ ಅವನ ಕೈಗಲ್ಲ, ನೇರ ಸಾಲದ ಖಾತೆಗೆ, ಒಂದು ಸಾಲ ಪೂರ್ತಿ ಮುಗಿಯುವಷ್ಟು. ಒಡವೆ ಅಡವಿಡಬೇಡಿ, ಹೊಸ ಸಾಲಕ್ಕೆ ಜಾಮೀನು ನಿಲ್ಲಬೇಡಿ. ಇದ್ದ ಉಳಿತಾಯದಲ್ಲಿ ಎಷ್ಟು ಕೊಡಬಲ್ಲಿರಿ ಅಂತ ಗಂಡ ಹೆಂಡತಿ ಮೊದಲೇ ಮಾತಾಡಿ, ಅದನ್ನು ಅವನಿಗೂ ಹೇಳಿ.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಗ ಫೋನ್ ಮಾಡುತ್ತಾನೆ, ನಾನು ನೋಟ್‌ಬುಕ್ ತೆಗೆಯುತ್ತೇನೆ. ಏಳು ಪುಟದಲ್ಲಿ ಐದಕ್ಕೆ ಗೀಟು ಬಿದ್ದಿದೆ. ಹೋದ ವಾರ ಸ್ನೇಹಿತನ ಕೈಸಾಲ ತೀರಿತು. ಅದನ್ನು ಅವನೇ ತನ್ನ ಸಂಬಳದಲ್ಲಿ ಕಟ್ಟಿದ. 'ಅಮ್ಮ, ಅವನ ಜೊತೆ ಇವತ್ತು ಕಾಫಿಗೆ ಹೋಗಿದ್ದೆ' ಅಂದ.