ಬಂದರೆ ಗಿಡದಿಂದ ಬಿಲ್ಲು ಮಾಡಿದ್ದು: ನನ್ನ ಅನುಭವ

ಹಿರಿಯೂರು ಕಡೆಯ ನಮ್ಮ ಹೊಲದ ಬದುವಿನ ಮೇಲೆ ಯಾರೂ ನೆಡದ, ಯಾರೂ ನೀರು ಹಾಕದ ಬಂದರೆ ಗಿಡಗಳ ಒಂದು ಸಾಲಿದೆ. ಅದರ ಎಲೆ ಮುಟ್ಟಿದರೆ ಕೈಗೆ ಅಂಟಂಟಾಗುತ್ತದೆ, ಕಾಯಿಗೆ ಕಾಗದದಂಥ ರೆಕ್ಕೆಗಳಿರುತ್ತವೆ. ಆಡು ಕುರಿಗಳು ಅದಕ್ಕೆ ಬಾಯಿ ಹಾಕುವುದಿಲ್ಲವಾದ್ದರಿಂದ ಮೇಯ್ದು ಬೋಳಾದ ಗುಡ್ಡದಲ್ಲೂ ಅದು ಹಸಿರಾಗಿ ನಿಂತಿರುತ್ತದೆ. ನಮ್ಮಲ್ಲಿ ಅದನ್ನು ಬೇಲಿಗೆ, ಸೌದೆಗೆ, ದಪ್ಪನೆಯದು ಸಿಕ್ಕರೆ ಕೊಡಲಿ ಗುದ್ದಲಿಗಳ ಕಾವಿಗೆ ಬಳಸುತ್ತೇವೆ. ಕಾವಿಗೆ ಒದಗುವ ಮರ, ಅಂದರೆ ಏಟು ತಿಂದರೂ ಬಿರಿಯದ ಮರ, ಬಿಲ್ಲಿಗೂ ಒದಗೀತು ಎಂಬ ಊಹೆಯಿಂದ ನಾನು ಈ ಕೆಲಸಕ್ಕೆ ಕೈ ಹಾಕಿದೆ. ಮಲೆನಾಡಿನಲ್ಲಿದ್ದಿದ್ದರೆ ತಡಸಲು ಮರವನ್ನು ಹುಡುಕುತ್ತಿದ್ದೆ. ಸಂಸ್ಕೃತದಲ್ಲಿ ಧನ್ವನ ಎಂದು ಬಿಲ್ಲಿನ ಹೆಸರನ್ನೇ ಹೊತ್ತಿರುವ ಮರ ಅದು. ಬಯಲುಸೀಮೆಯವನಿಗೆ ಬದುವಿನ ಗಿಡವೇ ಗತಿ.

ಮೊದಲ ಪ್ರಯತ್ನ ಎರಡು ತಪ್ಪುಗಳಿಂದ ಕೆಟ್ಟಿತು. ಕಡಿದ ದಿನವೇ ತೊಗಟೆ ಸುಲಿದು ಕೊಂಬೆಯನ್ನು ಬಿಸಿಲಿಗೆ ಒರಗಿಸಿದೆ. ನಾಲ್ಕನೆಯ ದಿನ ನೋಡಿದರೆ ಎರಡೂ ತುದಿಗಳಿಂದ ಒಂದು ಗೇಣು ಉದ್ದಕ್ಕೆ ಸೀಳು ಬಿಟ್ಟಿತ್ತು. ಸೀಳಿದ್ದನ್ನು ಕತ್ತರಿಸಿ ಎಸೆದು ಉಳಿದದ್ದರಲ್ಲೇ ಗಿಡ್ಡ ಬಿಲ್ಲು ಮಾಡಲು ಹೋದಾಗ, ಹೊರಮೈಯಲ್ಲಿ ಉಬ್ಬಿಕೊಂಡಿದ್ದ ಒಂದು ಗಂಟು ಕಣ್ಣಿಗೆ ಅಂದಗೆಟ್ಟು ಕಂಡಿತೆಂದು ಅರ ಹಾಕಿ ಸಮ ಮಾಡಿದೆ. ಎಳೆಯುವಾಗ ಬಿಲ್ಲು ಸರಿಯಾಗಿ ಆ ಗಂಟಿನ ಬಳಿಯೇ ಟಪ್ಪೆಂದು ಮುರಿದು, ಮೇಲಿನ ತುಂಡು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದಾಗ ಕಾರಣ ಕಂಡಿತು. ಮರದ ಎಳೆಗಳು ಗಂಟನ್ನು ಬಳಸಿ, ಹೊಳೆಯ ನೀರು ಬಂಡೆಯನ್ನು ಬಳಸಿ ಹರಿಯುವ ಹಾಗೆ, ಎರಡೂ ಪಕ್ಕದಲ್ಲಿ ಹಾದುಹೋಗಿದ್ದವು. ನನ್ನ ಅರ ಅವನ್ನೇ ಕತ್ತರಿಸಿತ್ತು.

ಎರಡನೆಯ ಸಲ ಡಿಸೆಂಬರ್ ಕೊನೆಯಲ್ಲಿ, ಹೊಸ ಚಿಗುರಿಲ್ಲದ ಹೊತ್ತಿನಲ್ಲಿ, ನಮ್ಮದೇ ಬದುವಿನಿಂದ ಕೊಂಬೆ ಆರಿಸಿದೆ. ಅರಣ್ಯ ಇಲಾಖೆಯ ಗುಡ್ಡದಲ್ಲಿ ಇದಕ್ಕಿಂತ ನೇರವಾದವು ಇದ್ದವು, ಆದರೆ ಅಲ್ಲಿ ಕಡಿಯುವುದು ಅಪರಾಧ. ಬಂದರೆ ಪೊದೆಯಲ್ಲಿ ಆಳುದ್ದದ ನೇರ ಕೊಂಬೆ ಸಿಗುವುದು ಅಪರೂಪ. ಒಂದು ಬೆಳಗ್ಗೆಯೆಲ್ಲ ಹುಡುಕಿದ ಮೇಲೆ, ಬೇಲಿಯ ನೆರಳಿನಲ್ಲಿ ಬೆಳಕಿಗಾಗಿ ಮೇಲಕ್ಕೆ ಚಾಚಿದ್ದ ಒಂದು ಸಿಕ್ಕಿತು: ಉದ್ದ 168 ಸೆಂ.ಮೀ., ಬುಡದಲ್ಲಿ ಅಡ್ಡಳತೆ 4.5 ಸೆಂ.ಮೀ., ತುದಿಯಲ್ಲಿ 3.6 ಸೆಂ.ಮೀ. ಮೂರು ಸಣ್ಣ ಗಂಟುಗಳಿದ್ದವು, ನಡುವೆ ಒಂದು ಕಡೆ ಪಕ್ಕಕ್ಕೆ ಓರೆಯಿತ್ತು. ತೊಗಟೆಯ ಗೆರೆಗಳು ಕಾಂಡದ ಸುತ್ತ ಹಗ್ಗದಂತೆ ತಿರುಚಿಕೊಂಡಿದ್ದರೆ ಒಳಗಿನ ಎಳೆಯೂ ತಿರುಚಿಕೊಂಡಿರುತ್ತದೆ. ಈ ಕೊಂಬೆಯಲ್ಲಿ ಅವು ನೆಟ್ಟಗಿದ್ದವು. ಓರೆಯನ್ನು ತಿದ್ದಬಹುದು, ತಿರುಚನ್ನು ತಿದ್ದಲಾಗದು.

ಕಡಿದ ಗಂಟೆಯೊಳಗೆ ಎರಡೂ ತುದಿಗಳಿಗೆ ಫೆವಿಕಾಲ್ ಬಳಿದೆ. ಮರದ ನೀರು ಉದ್ದದ ಮೈಗಿಂತ ಕತ್ತರಿಸಿದ ತುದಿಗಳಿಂದ ಬಹಳ ಬೇಗ ಆರುತ್ತದೆ, ತುದಿ ಮೊದಲು ಕುಗ್ಗುತ್ತದೆ, ಒಳಗಿನದು ಕುಗ್ಗುವುದಿಲ್ಲ, ಆ ಜಗಳದಲ್ಲಿ ಸೀಳು ಹುಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಗುಂಡಗಿನ ಕೊಂಬೆಯನ್ನು ಹಾಗೆಯೇ ಒಣಗಿಸದೆ, ಮರುದಿನವೇ ಬಾಚಿಯಿಂದ ಒಂದು ಪಕ್ಕವನ್ನು ಉದ್ದಕ್ಕೂ ಕೆತ್ತಿ, ನಡುವಿನ ಬೆಂಡು ಬಯಲಾಗಿ ಹೋಗುವಷ್ಟು ಮರ ತೆಗೆದೆ. ಬೆಂಡನ್ನು ಒಳಗಿಟ್ಟುಕೊಂಡ ದುಂಡು ಮರ ಒಣಗುವಾಗ ಸೀಳಿಯೇ ತೀರುತ್ತದೆ. ಅರೆದುಂಡಿಗೆ ಕುಗ್ಗಲು ಅವಕಾಶವಿರುತ್ತದೆ. ಕೆತ್ತಿದ ಮುಖದಲ್ಲಿ ಕಂದುಬಣ್ಣದ ಚೇಗು, ಅಂದರೆ ಒಳಗಿನ ಗಟ್ಟಿ ಮರವೂ, ಅದರ ಅಂಚಿಗೆ ಹೊರಗಿನ ಬಿಳಿ ಮರವೂ ಕಂಡವು. ನಂತರ ಅದನ್ನು ಅಟ್ಟದ ಮೇಲೆ, ಗಾಳಿ ಆಡುವ ಆದರೆ ಬಿಸಿಲು ಬೀಳದ ಜಾಗದಲ್ಲಿ ಅಡ್ಡಲಾಗಿ ಇಟ್ಟು, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಆರಂಭದಲ್ಲಿ 1,310 ಗ್ರಾಂ ಇದ್ದದ್ದು ಮೂರು ವಾರಕ್ಕೆ 1,120ಕ್ಕೆ ಇಳಿಯಿತು. ಏಪ್ರಿಲ್ ಮಧ್ಯದಲ್ಲಿ 985ಕ್ಕೆ ಬಂದು, ಎರಡು ವಾರ ಅಲ್ಲಿಯೇ ನಿಂತಿತು. ತೂಕ ಇಳಿಯುವುದು ನಿಂತಾಗ ಮರ ತನ್ನ ಸುತ್ತಲಿನ ಗಾಳಿಯ ತೇವಕ್ಕೆ ಸಮವಾಗಿದೆ ಎಂದರ್ಥ. ನಮ್ಮ ಕಡೆಯ ಬೇಸಿಗೆ ಇದಕ್ಕೆ ಹೇಳಿ ಮಾಡಿಸಿದ್ದು.

ಇಲ್ಲಿ ಬಿಲ್ಲಿನ ಎರಡು ಮುಖಗಳ ಬಗ್ಗೆ ಹೇಳಬೇಕು. ಬಿಲ್ಲು ಹಿಡಿದಾಗ ಗುರಿಯ ಕಡೆಗಿರುವುದನ್ನು ನಾನು ಬೆನ್ನು ಎನ್ನುತ್ತೇನೆ, ನಮ್ಮ ಕಡೆಗಿರುವುದನ್ನು ಹೊಟ್ಟೆ. ಬಾಗಿದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಹಿಸುಕಿಕೊಳ್ಳುತ್ತದೆ. ದೊಡ್ಡ ಮರದಿಂದ ಸೀಳಿದ ಪಟ್ಟಿಯ ಬೆನ್ನು ಹೆಚ್ಚುಕಡಿಮೆ ಚಪ್ಪಟೆಯಾಗಿರುತ್ತದೆ. ಮಣಿಕಟ್ಟಿನಷ್ಟು ದಪ್ಪದ ಗಿಡದ ಕೊಂಬೆಯ ಬೆನ್ನು ಕಮಾನಿನಂತೆ ಉಬ್ಬಿರುತ್ತದೆ, ಹಿಗ್ಗುವ ಹೊರೆಯೆಲ್ಲ ಆ ಉಬ್ಬಿನ ನೆತ್ತಿಯ ಕಿರಿದಾದ ಪಟ್ಟಿಯ ಮೇಲೆ ಬೀಳುತ್ತದೆ. ಇದನ್ನು ದೋಷವೆಂದು ಕೆಲವರು ತಿಳಿಯುತ್ತಾರೆ, ನಾನು ಒಪ್ಪುವುದಿಲ್ಲ. ಒಣಗಿದ ಮರ ಹಿಸುಕನ್ನು ತಡೆಯುವುದಕ್ಕಿಂತ ಎಳೆತವನ್ನು ಬಹಳ ಹೆಚ್ಚು ತಡೆಯುತ್ತದೆ, ಆದ್ದರಿಂದ ಬೆನ್ನು ಕಿರಿದಾಗಿ ಹೊಟ್ಟೆ ಅಗಲವಾಗಿ ಇರುವುದು ಅದರ ಗುಣಕ್ಕೆ ಹೊಂದುತ್ತದೆ. ಆದರೆ ಅದಕ್ಕೆ ಎರಡು ಬೆಲೆ ತೆರಬೇಕು: ಬೆನ್ನಿನ ಒಂದು ಎಳೆಯನ್ನೂ ಕಡಿಯಬಾರದು, ಬಿಲ್ಲನ್ನು ಗಿಡ್ಡ ಮಾಡಬಾರದು. ಬೆನ್ನಿನ ತೊಗಟೆಯನ್ನು ಉಗುರು ಮತ್ತು ಮೊಂಡು ಚಮಚದಿಂದ ಕೆರೆದು ತೆಗೆದೆ, ಲೋಹದ ಅಲಗು ತಾಗಿಸಲಿಲ್ಲ. ಈ ಸಲ ಗಂಟುಗಳ ಉಬ್ಬನ್ನು ಹಾಗೆಯೇ ಬಿಟ್ಟೆ.

ಪಕ್ಕದ ಓರೆಯನ್ನು ಆವಿಯಿಂದ ತಿದ್ದಿದೆ. ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆ ಆವಿ ಎಂಬುದು ಬಡಗಿಗಳ ಲೆಕ್ಕ. ಇಡ್ಲಿ ಪಾತ್ರೆಯ ಬಾಯಿಗೆ ಆ ಭಾಗವನ್ನು ಅಡ್ಡ ಇಟ್ಟು, ದಪ್ಪ ಬಟ್ಟೆ ಹೊದಿಸಿ, ಒಂದು ಗಂಟೆಯ ನಂತರ ತೆಗೆದು, ತೊಲೆಗೆ ಮೂರು ಕಡೆ ಬಿಗಿದು ಕಟ್ಟಿದೆ. ಎರಡು ವಾರ ಬಿಟ್ಟು ಬಿಚ್ಚಿದಾಗ ಒಂದು ತುದಿಯಿಂದ ಇನ್ನೊಂದಕ್ಕೆ ಹಿಡಿದ ದಾರ ಹಿಡಿಯ ನಡುವಿನ ಮೇಲೆ ಹಾದುಹೋಯಿತು. ಮನೆಯವರು ಆ ಪಾತ್ರೆಯನ್ನು ಮತ್ತೆ ಅಡುಗೆಗೆ ತೆಗೆದುಕೊಳ್ಳಲಿಲ್ಲ ಎಂಬುದನ್ನೂ ದಾಖಲಿಸಬೇಕು.

ಆಕಾರ ಬರೆಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಡುವೆ ಒಂದು ಮುಷ್ಟಿಯಷ್ಟು ಹಿಡಿ, ಅದರ ಎರಡೂ ಕಡೆ ಬಿಲ್ಲಿನ ತೋಳಿನ (ಹಿಡಿಯಿಂದ ತುದಿಯವರೆಗಿನ ಭಾಗದ) ಅರ್ಧದವರೆಗೆ ಕೊಂಬೆಯ ಪೂರ್ತಿ ಅಗಲ, ಅಲ್ಲಿಂದ ತುದಿಗೆ 1.2 ಸೆಂ.ಮೀ.ಗೆ ಇಳಿಯುವ ಓರೆ. ತುದಿಗಳು ಹಗುರವಾದಷ್ಟೂ ಬಾಣ ಚುರುಕಾಗಿ ಹೋಗುತ್ತದೆ. ಹೆದೆ ಕೂರುವ ಕೊಪ್ಪುಗಳನ್ನು ದುಂಡು ಅರದಿಂದ ಪಕ್ಕಗಳಲ್ಲಿ ಮಾತ್ರ ಕೊರೆದೆ.

ನಿಜವಾದ ಕೆಲಸ ಆಮೇಲಿನದು. ಎರಡೂ ತೋಳುಗಳು ಒಂದೇ ಸಮನೆ ಬಾಗುವಂತೆ ಹೊಟ್ಟೆಯ ಕಡೆಯಿಂದ ಮಾತ್ರ ಮರ ತೆಗೆಯುತ್ತ ಹೋಗಬೇಕು. ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆಗಳನ್ನು ಎಳೆದು, ಎತ್ತರದಲ್ಲಿ ಒಂದು ಗೂಟಕ್ಕೆ ಬಿಲ್ಲಿನ ಹಿಡಿ ಕೂರಿಸಿ, ಸಡಿಲವಾದ ಉದ್ದ ಹಗ್ಗವನ್ನು ಹೆದೆಯ ಬದಲು ಕಟ್ಟಿ, ಅದನ್ನು ಹಳೆಯ ಬಾವಿಯ ರಾಟೆಯ ಮೂಲಕ ಹಾಯಿಸಿ, ನಾನು ಕೋಣೆಯ ಆ ತುದಿಯಲ್ಲಿ ನಿಂತು ಎಳೆಯುತ್ತ ಬಿಲ್ಲಿನ ಬಾಗನ್ನು ಗೆರೆಗಳಿಗೆ ಹೋಲಿಸಿ ನೋಡುತ್ತಿದ್ದೆ. ದೂರ ನಿಲ್ಲುವುದರಿಂದ ಬಾಗಿನ ಲೋಪ ಚೆನ್ನಾಗಿ ಕಾಣುತ್ತದೆ, ಬಿಲ್ಲು ಮುರಿದರೆ ತಲೆಯೂ ಉಳಿಯುತ್ತದೆ.

ಬಾಗುವಿಕೆಗೆ ಅಗಲಕ್ಕಿಂತ ದಪ್ಪವೇ ಯಜಮಾನ. ಅಗಲ ಅರ್ಧವಾದರೆ ಬಿಗಿಯೂ ಅರ್ಧವಾಗುತ್ತದೆ. ದಪ್ಪ ಅರ್ಧವಾದರೆ ಬಿಗಿ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. 16 ಮಿ.ಮೀ. ದಪ್ಪದಲ್ಲಿ ಒಂದೇ ಒಂದು ಮಿ.ಮೀ. ಕೆರೆದರೂ ಆ ಜಾಗದ ಬಿಗಿ ಸುಮಾರು ಶೇ. 18ರಷ್ಟು ಕಡಿಮೆಯಾಗುತ್ತದೆ. ಪಾಠ ಹೇಳುವಾಗ ಹಲಗೆಯ ಮೇಲೆ ನೂರು ಸಲ ಬರೆದ ಈ ಘನದ ಲೆಕ್ಕ ಕೈಗೆ ಹತ್ತಿದ್ದು ಅಂದೇ. ಆದ್ದರಿಂದ ಬಾಚಿ, ತೋಪಡಗಳನ್ನು ಒಳಗಿಟ್ಟು, ಅರಕ್ಕೆ ಇಳಿದು, ಕೊನೆಗೆ ಒಡೆದ ಕಿಟಕಿ ಗಾಜಿನ ಚೂರಿಗೆ ಬಂದೆ. ಗಾಜು ಹದವಾಗಿದ್ದರೆ ಅದು ಕೆರೆದ ಮರ ಪುಡಿಯಾಗದೆ, ಈರುಳ್ಳಿಯ ಒಳಸಿಪ್ಪೆಯಂಥ ತೆಳು ಸುರುಳಿಯಾಗಿ ಬರುತ್ತದೆ. ಪ್ರತಿ ಸಲ ಇಪ್ಪತ್ತು ಸುರುಳಿ ತೆಗೆದು, ಮೂವತ್ತು ಸಲ ಮೆಲ್ಲಗೆ ಎಳೆದು, ಆಮೇಲೆ ನೋಡುವುದು. ತೆಗೆದ ತಕ್ಷಣ ಮರ ತನ್ನ ಹೊಸ ಬಾಗನ್ನು ತೋರಿಸುವುದಿಲ್ಲ, ಎಳೆದೆಳೆದು ಪಳಗಿಸಿದ ಮೇಲೆಯೇ ತೋರಿಸುತ್ತದೆ.

ಕೆಳಗಿನ ತೋಳಿನಲ್ಲಿ, ಹಿಡಿಯಿಂದ ಒಂದು ಗೇಣು ಆಚೆ, ಬಾಗು ತುಸು ಹೆಚ್ಚಾಗಿ ಮೊಣಕೈಯಂತೆ ಮುರಿದು ಕಾಣುತ್ತಿತ್ತು. ನಾನು ಅದರ ಆಚೀಚೆ ನಯ ಮಾಡುವ ಆಸೆಯಿಂದ ಅಲ್ಲಿಯೇ ಕೆರೆಯುತ್ತಿದ್ದೆ. ನಮ್ಮ ಬೀದಿಯ ಹಿರಿಯ ಬಡಗಿಯೊಬ್ಬರು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ‘ಮೇಷ್ಟ್ರೇ, ಬಗ್ಗದೇ ಇರೋ ಕಡೆ ಕೆರೀರಿ. ಬಗ್ಗೋದನ್ನ ಇನ್ನೂ ಯಾಕೆ ಬಗ್ಗುಸ್ತೀರಿ?’ ಎಂದರು. ಅವರು ಜೀವಮಾನದಲ್ಲಿ ಬಿಲ್ಲು ಮಾಡಿದವರಲ್ಲ. ‘ಹೌದಲ್ಲ, ಆಚಾರ್ರೇ’ ಎಂದು ಪೆನ್ಸಿಲ್ ತೆಗೆದುಕೊಂಡು, ಬಾಗಿದ ಜಾಗದ ಮೇಲೆ ಅಡ್ಡಗೆರೆ ಎಳೆದು ಮುಟ್ಟಬಾರದೆಂದು ಗುರುತು ಹಾಕಿದೆ. ಬಗ್ಗದೆ ನಿಂತ ಭಾಗಗಳನ್ನು ಹುಡುಕಿ ಅಲ್ಲಿ ಮಾತ್ರ ಕೆರೆದು, ಆ ಮೊಣಕೈಗೆ ಉಳಿದ ತೋಳು ಜೊತೆಗೂಡುವಂತೆ ಮಾಡಲು ಐದು ಸಂಜೆಗಳು ಬೇಕಾದವು. ಬಾಗು ತಪ್ಪಾಗಿದ್ದಾಗ ಹೆಚ್ಚು ಎಳೆಯಬಾರದು ಎಂಬುದನ್ನೂ ಇಲ್ಲಿಯೇ ಕಲಿತೆ. ಮೊದಲೇ ಒಂದೆರಡು ಸಲ ಅತಿಯಾಗಿ ಎಳೆದಿದ್ದರಿಂದ ಆ ಜಾಗದ ಹೊಟ್ಟೆಯಲ್ಲಿ ಕೂದಲೆಳೆಯಂಥ ಎರಡು ಅಡ್ಡ ಗೆರೆಗಳು ಮೂಡಿವೆ. ಅವು ಹಿಸುಕಿಗೆ ಸೋತ ಎಳೆಗಳ ಗುರುತು. ಅವನ್ನು ಅಳಿಸಲು ಬರುವುದಿಲ್ಲ.

ಹೆದೆಗೆ ಮೊದಲು ನೈಲಾನ್ ಹಗ್ಗ ಕಟ್ಟಿ ನೋಡಿದೆ. ಅದು ರಬ್ಬರಿನಂತೆ ಹಿಗ್ಗಿ ಬಾಣಕ್ಕೆ ಹೋಗಬೇಕಾದ ಶಕ್ತಿಯನ್ನು ತಾನೇ ನುಂಗಿತು. ಹೆದೆಗೆ ಮೌರ್ವಿ ಎಂಬ ಹೆಸರು ಬಂದದ್ದು ಮೂರ್ವೆಯೆಂಬ ಗಿಡದ ನಾರಿನಿಂದ. ನನಗೆ ಅದು ಸಿಗಲಿಲ್ಲ. ಚಪ್ಪಲಿ ಹೊಲಿಯುವ ಮೇಣದ ಪಾಲಿಯೆಸ್ಟರ್ ದಾರ ಸಿಕ್ಕಿತು. ಒಂದೊಂದು ಎಳೆಗೆ ಮರಳಿನ ಚೀಲ ತೂಗುಹಾಕಿ ನೋಡಿದಾಗ ಏಳು ಕೆ.ಜಿ. ತಡೆಯಿತು. ಎಳೆತದ ಕನಿಷ್ಠ ನಾಲ್ಕರಷ್ಟು ಬಲ ಹೆದೆಗಿರಬೇಕು ಎಂಬ ಲೆಕ್ಕದಲ್ಲಿ ಒಂಬತ್ತು ಎಳೆ ಸಾಕಾಗುತ್ತಿತ್ತು, ಹನ್ನೆರಡು ಹಾಕಿದೆ. ಆರು ಆರು ಎಳೆಗಳ ಎರಡು ಹುರಿಗಳನ್ನು ಒಂದರ ಮೇಲೊಂದು ಎದುರು ದಿಕ್ಕಿನಲ್ಲಿ ಹೊಸೆದು, ಮೇಲೆ ಕುಣಿಕೆ, ಕೆಳಗೆ ಬಿಚ್ಚಿ ಕಟ್ಟಬಹುದಾದ ಗಂಟು. ಹೆದೆಯೇರಿಸಿದಾಗ ಹಿಡಿಗೂ ಹೆದೆಗೂ ನಡುವೆ, ಹೆಬ್ಬೆರಳು ಎತ್ತಿದ ಮುಷ್ಟಿಯಷ್ಟು, ಸುಮಾರು ಆರು ಅಂಗುಲ ಅಂತರ ಬಂತು.

ಸಾಮಾನು ತೂಗುವ ಕೊಕ್ಕೆ ತಕ್ಕಡಿಯಲ್ಲಿ 26 ಅಂಗುಲ ಎಳೆದಾಗ 14.5 ಕೆ.ಜಿ., ಬಿಲ್ಲುಗಾರಿಕೆಯವರ ಭಾಷೆಯಲ್ಲಿ 32 ಪೌಂಡ್, ತೋರಿಸಿತು. ಅಗಸೆ ಎಣ್ಣೆ ನಾಲ್ಕು ಕೈ ತಿಕ್ಕಿದ ಮೇಲೆ ಚೇಗಿನ ಕಂದು ಮತ್ತು ಬಿಳಿ ಮರದ ಗಡಿ ಹೊಟ್ಟೆಯ ಉದ್ದಕ್ಕೂ ಎದ್ದು ಕಂಡಿತು. ಹುಲ್ಲು ತುಂಬಿದ ಗೋಣಿಚೀಲವೇ ನನ್ನ ಗುರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಪ್ರಾಣಿಗಳತ್ತ ಬಿಲ್ಲೆತ್ತುವ ಮಾತೇ ಇಲ್ಲ. ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿರೆಂದು ನೋಡಲು ಬಂದ ಹುಡುಗರಿಗೆಲ್ಲ ಹೇಳುತ್ತೇನೆ. ಹೊರಲು ಬಾಣವಿಲ್ಲದಿದ್ದರೆ ಆ ಬಲವೆಲ್ಲ ತಿರುಗಿ ತೋಳುಗಳಿಗೇ ಬಡಿಯುತ್ತದೆ. ಆದರೂ ಅವರು ಮೊದಲು ಮಾಡುವುದು ಅದನ್ನೇ.

ಸುಮಾರು ಐನೂರು ಬಾಣಗಳ ನಂತರ ಹೆದೆಯಿಳಿಸಿದ ಬಿಲ್ಲು ಎಳೆದ ದಿಕ್ಕಿಗೆ 3.5 ಸೆಂ.ಮೀ. ಬಾಗಿಯೇ ಉಳಿದಿದೆ, ಅದರಲ್ಲಿ ಹೆಚ್ಚಿನ ಪಾಲು ಆ ಮೊಣಕೈಯದು. ಗೆರೆಗಳು ಇನ್ನೂ ಎರಡೇ ಇವೆ, ಪ್ರತಿ ಸಲ ಹೆದೆಯೇರಿಸುವ ಮೊದಲು ಅವುಗಳ ಮೇಲೆ ಉಗುರು ಆಡಿಸಿ ನೋಡುತ್ತೇನೆ. ಅಟ್ಟದ ಮೇಲೆ ಇನ್ನೊಂದು ಅರೆದುಂಡು ಒಣಗುತ್ತಿದೆ. ಹೋದ ಭಾನುವಾರ 1,040 ಗ್ರಾಂ ಇತ್ತು, ಇನ್ನೂ ಇಳಿಯುತ್ತಿದೆ.