ಫೋಟೊ ತಿದ್ದುವ ತಂತ್ರಾಂಶವನ್ನು ಆರಿಸುವ ಬಗೆ

ತಂತ್ರಾಂಶ ಕೊಳ್ಳುವ ಮೊದಲು ನಿಮ್ಮ ಸಮಯ ಎಲ್ಲಿ ಹೋಗುತ್ತದೆ ಎಂದು ಗಮನಿಸಿ. ಒಂದೇ ಮದುವೆಯಿಂದ ಸಾವಿರಾರು ಚಿತ್ರಗಳನ್ನು ತರುವ ಛಾಯಾಗ್ರಾಹಕರಿಗೆ ಆರಿಸುವುದೇ ದೊಡ್ಡ ಕೆಲಸ. ಹಾಗಾಗಿ ಚಿತ್ರಗಳಿಗೆ ನಕ್ಷತ್ರದ ಗುರುತು ಹಾಕಿ, ಒಂದಕ್ಕೆ ಮಾಡಿದ ತಿದ್ದುಪಡಿಯನ್ನು ನೂರಕ್ಕೆ ಒಮ್ಮೆಲೇ ಅನ್ವಯಿಸುವ ಲೈಟ್‌ರೂಮ್ ಕ್ಲಾಸಿಕ್‌ನಂಥದ್ದು ಅವರಿಗೆ ಮೊದಲು ಬೇಕು, ಪದರಗಳಲ್ಲಿ ಒಂದೊಂದೇ ಚಿತ್ರ ತಿದ್ದುವ ಫೋಟೊಶಾಪ್ ಆಮೇಲೆ. ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿ ಸ್ಟುಡಿಯೊದಲ್ಲಿ ಚಿತ್ರ ತೆಗೆಯುವವರು ಕ್ಯಾಪ್ಚರ್ ಒನ್ ಅನ್ನು ನೋಡಬಹುದು.

ಪ್ರಾಯೋಗಿಕ ಅವಧಿಯಲ್ಲಿ ನಿಮ್ಮ ಅತಿ ಕಷ್ಟದ ರಾ ಕಡತವನ್ನೇ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಚಿತ್ರದ ಕಡತವನ್ನೇ, ತೆರೆಯಿರಿ. ಧಾರೆಯ ಹೊತ್ತಿನಲ್ಲಿ ಮಂಟಪದ ಹಳದಿ ಬಲ್ಬು ಒಂದು ಕಡೆ, ವಿಡಿಯೊದವರ ಬಿಳಿ ದೀಪ ಇನ್ನೊಂದು ಕಡೆ ಬಿದ್ದಿರುವ ಚಿತ್ರದಲ್ಲಿ, ಅರಿಸಿನ ಹಚ್ಚಿದ ಕೆನ್ನೆಯ ಬಣ್ಣ ಸಹಜವಾಗಿ ಉಳಿದು, ಸೀರೆಯ ಜರಿಯ ಎಳೆಗಳು ಬಿಳಿಚಿಕೊಳ್ಳದೆ ಮರಳುತ್ತವೆಯೇ ಎಂದು ಹಿಗ್ಗಿಸಿ ನೋಡಿ. 8 ಬಿಟ್‌ನ ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ 14 ಬಿಟ್‌ನ ರಾ ಕಡತದಲ್ಲಿ 16,384 ಇರುತ್ತವೆ. ಆ ವಿವರವನ್ನು ಹೊರತೆಗೆಯುವುದರಲ್ಲೇ ತಂತ್ರಾಂಶದ ಯೋಗ್ಯತೆ ಕಾಣುತ್ತದೆ.

ಚಂದಾ ಕಟ್ಟುವುದು ಹೊರೆಯೆನಿಸಿದರೆ ಉಚಿತ ಮುಕ್ತ ತಂತ್ರಾಂಶಗಳಾದ ಡಾರ್ಕ್‌ಟೇಬಲ್ ಮತ್ತು ರಾಥೆರಪಿಗಳಿವೆ. ಡಾರ್ಕ್‌ಟೇಬಲ್ ಕಲಿಯಲು ತಾಳ್ಮೆ ಬೇಕು, ಆದರೆ ಅದು ಆ ಶ್ರಮಕ್ಕೆ ತಕ್ಕದ್ದೆಂದು ನನ್ನ ದೃಢ ಅಭಿಪ್ರಾಯ.

ಒಂದು ತಂತ್ರಾಂಶದ ತಿದ್ದುಪಡಿಗಳು ಇನ್ನೊಂದರಲ್ಲಿ ಪೂರ್ತಿಯಾಗಿ ತೆರೆದುಕೊಳ್ಳುವುದಿಲ್ಲವಾದ್ದರಿಂದ, ಬದಲಿಸುವ ಮೊದಲು ಮುಖ್ಯ ಚಿತ್ರಗಳನ್ನು ಬೇರೆ ತಂತ್ರಾಂಶಗಳೂ ತೆರೆಯಬಲ್ಲ 16 ಬಿಟ್ ಟಿಫ್ ರೂಪದಲ್ಲಿ ಉಳಿಸಿಕೊಳ್ಳಿ.